ಜಯನಗರದಲ್ಲಿ ಹೂವು ಕೇಳಿ ಕೀಳಬೇಕು

ಇಲ್ಲಿಗೆ ಬಂದ ಮೊದಲ ದಿನ ಬೆಳಿಗ್ಗೆ ಎದ್ದಾಗ ನನ್ನ ಕಿವಿ ಹೋಯಿತೇನೋ ಅನ್ನಿಸಿತು. ನಮ್ಮ ಮೊಳಕಾಲ್ಮೂರಿನ ಬೀದಿಯಲ್ಲಿ ಕಣ್ಣು ಬಿಡುವ ಮೊದಲೇ ಮಗ್ಗದ ಸದ್ದು ಕೇಳುತ್ತದೆ, ಪಕ್ಕದ ಮನೆಯವರ ಕೆಮ್ಮು ಕೇಳುತ್ತದೆ, ಅದರಾಚೆಯವರ ಜಗಳವೂ ಕೇಳುತ್ತದೆ. ಇಲ್ಲಿ ಏನೂ ಇಲ್ಲ. ಒಂದು ಲೋಟ ಕೆಳಗೆ ಬೀಳಿಸಿ ನೋಡಿದೆ. ಠಣ್ ಅಂದಿತು. ಕಿವಿ ಸರಿಯಾಗಿಯೇ ಇದೆ, ಊರೇ ಹೀಗೆ ಎಂದು ಗೊತ್ತಾಯಿತು.

ಬೆಂಗಳೂರು ಹೇಗಿದೆ ಎಂದು ಊರಿನ ಕಡೆಯವರೆಲ್ಲ ಕೇಳುತ್ತೀರಿ. ಬೆಂಗಳೂರು ನನಗೆ ಗೊತ್ತಿಲ್ಲ. ಜಯನಗರ ಗೊತ್ತು, ಅದರಲ್ಲೂ ನಮ್ಮ ಮನೆಯಿರುವ ಕ್ರಾಸು ಮಾತ್ರ. ಕ್ರಾಸು ಅಂದರೆ ಅಡ್ಡರಸ್ತೆ. ಹೊಲಗಳನ್ನು ಅಳೆದು, ಮಗ್ಗಕ್ಕೆ ಹಾಸು ಹಾಕಿದ ಹಾಗೆ ನೆಟ್ಟಗೆ ರಸ್ತೆ ಮಾಡಿ, ಜಾಗ ಹಂಚಿದ್ದಾರೆ. ಹಂಚಿದ ಜಾಗಕ್ಕೆ ಸೈಟು ಅನ್ನುತ್ತಾರೆ. ಸೈಟಿನ ತುಂಬ ಮನೆ ಕಟ್ಟುವ ಹಾಗಿಲ್ಲವಂತೆ. ಸುತ್ತ ಬಯಲು ಬಿಡಬೇಕು, ಅದು ಕಾನೂನು. ನಮ್ಮಲ್ಲಿ ಎರಡು ಮನೆಗೆ ಒಂದೇ ಗೋಡೆ. ಇಲ್ಲಿ ಮನೆ, ಅದರ ಸುತ್ತ ಖಾಲಿ, ಖಾಲಿಯ ಸುತ್ತ ಕಾಂಪೌಂಡು. ಕಾಂಪೌಂಡು ಅಂದರೆ ಸೊಂಟದೆತ್ತರದ ಗೋಡೆ. ಅದು ಕಳ್ಳರನ್ನೂ ತಡೆಯುವುದಿಲ್ಲ, ನಾಯಿಯನ್ನೂ ತಡೆಯುವುದಿಲ್ಲ. ಪಕ್ಕದ ಮನೆಯ ಹೆಂಗಸನ್ನು ಮಾತ್ರ ಚೆನ್ನಾಗಿ ತಡೆಯುತ್ತದೆ.

ಮಗ ಬೆಳಿಗ್ಗೆಯೇ ಕಾರ್ಖಾನೆಯ ಬಸ್ಸು ಹತ್ತುತ್ತಾನೆ. ಸೊಸೆ ಶಾಲೆಯಲ್ಲಿ ಮೇಡಂ, ಮೊಮ್ಮಗಳೂ ಅವಳ ಜೊತೆಗೇ ಹೋಗುತ್ತಾಳೆ. ಅವರು ಹೋದ ಮೇಲೆ ಸಂಜೆಯವರೆಗೆ ನನ್ನ ಬಾಯಿಗೆ ಕೆಲಸವಿಲ್ಲ. ಸೊಪ್ಪಿನವಳು ಬಂದರೆ ಬೇಡದ ಸೊಪ್ಪನ್ನೂ ಕೊಳ್ಳುತ್ತಿದ್ದೆ. ಅವಳಿಗೂ ಅದು ಗೊತ್ತಾಗಿ ಬಾಡಿದ ಕಟ್ಟುಗಳನ್ನೆಲ್ಲ ನಮ್ಮ ಮನೆಗೇ ತರತೊಡಗಿದಳು.

ಪಕ್ಕದ ಮನೆಯಲ್ಲಿ ಕಮಲಮ್ಮ ಎಂಬುವರು. ಯಜಮಾನರು ಸರ್ಕಾರಿ ಕಚೇರಿಯಿಂದ ರಿಟೈರಾದವರು, ಮಕ್ಕಳಿಲ್ಲ. ಅವರ ಮನೆಯ ಮುಂದಿನ ಖಾಲಿ ಜಾಗದ ತುಂಬ ಗುಲಾಬಿ. ತೆಂಗಿನಕಾಯಿಯ ಹೋಳಿನಷ್ಟು ದೊಡ್ಡ ಹೂವು, ಒಂದೊಂದು ಕಡ್ಡಿಗೆ ಒಂದೇ. ಪಕ್ಕದ ಮೊಗ್ಗುಗಳನ್ನೆಲ್ಲ ಅವರು ಉಗುರಿನಿಂದ ಚಿವುಟಿ ಹಾಕುತ್ತಿದ್ದರು. ನೋಡಲಾರದೆ ಒಂದು ದಿನ ಯಾಕೆಂದು ಕೇಳಿದೆ. ಎಲ್ಲ ಸತ್ವವೂ ಒಂದೇ ಹೂವಿಗೆ ಹೋಗಲಿ ಅಂತ ಎಂದರು. ಹೀಗೆ ಮಾತು ಶುರುವಾಯಿತು. ಹಳದಿ ಹೂವಿಗೆ ಅಂಚಿನಲ್ಲಿ ಕುಂಕುಮ ಸವರಿದಂತಿದ್ದ ಒಂದು ಗಿಡವನ್ನು ತೋರಿಸಿ ಅದರ ಹೆಸರು ಪೀಸ್ ಎಂದರು. ಪೀಸ್ ಅಂದರೆ ಶಾಂತಿಯಂತೆ. ಬಗ್ಗಿ ಮೂಸಿದೆ.

“ಹೇಳಿಕೊಳ್ಳೋವಂಥ ವಾಸನೆ ಇಲ್ವಲ್ಲ ಕಮಲಮ್ಮ. ಏನಕ್ಕೆ ಬೆಳೀತೀರಾ?”

“ನೋಡೋಕೆ.”

“ನೋಡಿ?”

“ನೋಡಿ, ಅಷ್ಟೇ.”

ಇಬ್ಬರಿಗೂ ನಗು ಬಂತು. ಅಂದಿನಿಂದ ಅಡಿಗೆ ಮುಗಿದ ಮೇಲೆ ಅವರು ಕಾಂಪೌಂಡಿನ ಆ ಕಡೆ, ನಾನು ಈ ಕಡೆ ನಿಲ್ಲುತ್ತಿದ್ದೆವು. ಅವರು ಗಿಡಗಳ ಇಂಗ್ಲಿಷ್ ಹೆಸರು ಹೇಳುತ್ತಿದ್ದರು, ನಾನು ನಮ್ಮ ಬೀದಿಯ ಸುದ್ದಿ ಹೇಳುತ್ತಿದ್ದೆ. ಈ ಊರಿನಲ್ಲಿ ನನಗಿದ್ದದ್ದು ಆ ಒಂದು ಮಾತುಕತೆ. ಅದನ್ನು ನಾನೇ ಕೆಡಿಸಿದೆ ಎಂದು ಮಗ ಹೇಳುತ್ತಾನೆ. ನಡೆದದ್ದು ಹೇಳುತ್ತೇನೆ, ನೀವೇ ತೀರ್ಮಾನ ಮಾಡಿ.

ನಮ್ಮ ಬೀದಿಯ ಹಿತ್ತಲುಗಳಿಗೆ ಬೇಲಿ ಇಲ್ಲವೆಂದು ನಿಮಗೆ ಗೊತ್ತು. ಬೆಳಿಗ್ಗೆ ಸ್ನಾನ ಮಾಡಿದವಳು ಯಾರ ಹಿತ್ತಲಿನಲ್ಲಿ ಹೂವು ಕಂಡರೂ ದೇವರಿಗೆ ಕೀಳುತ್ತಾಳೆ. ಯಾರನ್ನೂ ಕೇಳುವುದಿಲ್ಲ. ಕೇಳಿದರೆ, ಇವಳು ಕೊಡುತ್ತಾಳೋ ಇಲ್ಲವೋ ಎಂದು ಅನುಮಾನಪಟ್ಟ ಹಾಗೆ. ಗಿಡದ ಅತಿ ದೊಡ್ಡ ಹೂವನ್ನೇ ಕಿತ್ತರೆ ಗಿಡದವಳಿಗೆ ಹೆಮ್ಮೆ.

ಅವತ್ತು ಶುಕ್ರವಾರ. ಕಮಲಮ್ಮನವರ ಪೀಸ್ ಗಿಡದಲ್ಲಿ ಒಂದು ಹೂವು ಅರಳಿತ್ತು. ಅದರ ಮೇಲೆ ಒಂದು ಕೋಲಿಗೆ ಕೊಡೆ ಕಟ್ಟಿದ್ದರು. ಹಕ್ಕಿ ಕುಕ್ಕದಿರಲಿ ಅಂತ ಇರಬೇಕು ಎಂದುಕೊಂಡೆ. ಒದ್ದೆ ಸೀರೆಯಲ್ಲೇ ಗೇಟು ತೆಗೆದು ಹೋಗಿ, ಕೊಡೆಯ ಕೆಳಗೆ ಕೈ ಹಾಕಿ ಕಿತ್ತು ತಂದೆ. ದೇವರ ಪಟದ ಮುಂದೆ ಇಟ್ಟರೆ ಪಟವೇ ಮುಚ್ಚಿಹೋಯಿತು.

ಲಾಲ್‌ಬಾಗಿನಲ್ಲಿ ಹೂವಿನ ಶೋ ಅಂತ ಆಗುತ್ತದೆ. ಎಲ್ಲರೂ ತಮ್ಮ ಹೂವು ತಂದು ಸಾಲಾಗಿ ಇಡುತ್ತಾರೆ, ದೊಡ್ಡವರು ಬಂದು ನೋಡಿ ಯಾವುದು ಚೆನ್ನ ಎಂದು ಹೇಳುತ್ತಾರೆ. ಮರುದಿನವೇ ಆ ಶೋ. ಇದು ನನಗೆ ತಿಳಿದದ್ದು ಕಮಲಮ್ಮ ನಮ್ಮ ಬಾಗಿಲಿಗೆ ಬಂದು ನಿಂತ ಮೇಲೆ. ಅವರು ಒಳಗೆ ಬಂದದ್ದು ಅದೇ ಮೊದಲು. ಪಟದ ಮುಂದಿನ ಹೂವನ್ನು ನೋಡಿದರು, ನನ್ನನ್ನು ನೋಡಿದರು.

“ನಿಮ್ಮೂರಲ್ಲಿ ಹಿಂಗೇನಾ? ಗೇಟ್ ತೆಗೆದು ಬಂದು ಕಿತ್ಕೊಂಡು ಹೋಗೋದು?”

ಹೌದು ಎಂದೆ. ಇದ್ದದ್ದು ಇದ್ದ ಹಾಗೆ ಹೇಳಿದೆ.

“ಇಲ್ಲಿ ಅದಕ್ಕೆ ಕಳ್ಳತನ ಅಂತಾರೆ,” ಎಂದು ಹೇಳಿ ಹೋದರು.

ಮರುದಿನದಿಂದ ಕಾಂಪೌಂಡಿನ ಆ ಕಡೆ ಯಾರೂ ನಿಲ್ಲಲಿಲ್ಲ. ನಾನು ಹೊರಗೆ ಬಂದರೆ ಅವರು ಒಳಗೆ ಹೋಗುವರು. ಕ್ಷಮೆ ಕೇಳಿಬಿಡು ಎಂದು ಮಗ ದಿನವೂ ಪಟ್ಟು ಹಿಡಿದ. ದೇವರಿಗೆ ಹೂವಿಟ್ಟದ್ದಕ್ಕೆ ಮನುಷ್ಯರನ್ನು ಕ್ಷಮೆ ಕೇಳುವುದು ನನಗೆ ಗೊತ್ತಿರಲಿಲ್ಲ. ಈಗಲೂ ಗೊತ್ತಿಲ್ಲ. ಕೊನೆಗೆ ಅವನು, ನಮ್ಮದೇ ಗಿಡ ಹಾಕೋಣ, ನೀನೇ ಆರಿಸು ಎಂದು ಒಂದು ಭಾನುವಾರ ಲಾಲ್‌ಬಾಗಿಗೆ ಕರೆದುಕೊಂಡು ಹೋದ.

ಸಸಿ ಮಾರುವ ಕಡೆ ಒಬ್ಬ ಮಾಲಿ ಇದ್ದ. ಗುಲಾಬಿ ಬೇಕೆಂದರೆ ಹೆಸರುಗಳನ್ನು ಬಸ್ಸಿನ ಕಂಡಕ್ಟರ್ ಊರು ಕೂಗುವ ಹಾಗೆ ಹೇಳುತ್ತಾ ಹೋದ. ಮಗನ ಕಣ್ಣು ಪೀಸ್ ಮೇಲೆಯೇ. ಬೇಡ ಎಂದೆ. ಅದನ್ನು ತಂದರೆ ಕಮಲಮ್ಮನ ಮೇಲೆ ಪಂಥಕ್ಕೆ ನಿಂತ ಹಾಗಾಗುತ್ತದೆ. ಮಾಲಿ ಕ್ರಿಮ್ಸನ್ ಗ್ಲೋರಿ ಎಂದು ಇನ್ನೊಂದು ತೋರಿಸಿದ. ಕಪ್ಪಿಗೆ ತಿರುಗಿದ ಕೆಂಪು, ನಮ್ಮ ಮಗ್ಗದ ಸೀರೆಯ ಅಂಚಿನ ಬಣ್ಣ. ವಾಸನೆ ಚೆನ್ನಾಗಿತ್ತು, ಆದರೆ ಕತ್ತು ಗಟ್ಟಿಯಿಲ್ಲ, ಹೂವು ಬಿಟ್ಟರೆ ತಲೆ ತಗ್ಗಿಸುತ್ತದೆ. ಆ ಬಣ್ಣಕ್ಕಾಗಿ ಅದು ಒಂದಿರಲಿ ಎಂದೆ.

ಆಮೇಲೆ ಮೂಲೆಯಲ್ಲಿ ಎಡ್ವರ್ಡ್ ಗುಲಾಬಿ ಕಂಡಿತು. ನಿಮ್ಮೆಲ್ಲರ ಹಿತ್ತಲಿನಲ್ಲೂ ಇರುವ ಅದೇ ಗುಲಾಬಿ ಬಣ್ಣದ ಹೂವು. ಇಂಗ್ಲಿಷ್ ಹೆಸರು ಇಟ್ಟುಕೊಂಡು ಎಷ್ಟು ಕಾಲದಿಂದ ನಮ್ಮ ಜೊತೆ ಇದೆ ನೋಡಿ. ಮಾಲಿ ನಕ್ಕುಬಿಟ್ಟ.

“ಅಜ್ಜಿ, ಅದು ಹಳೇ ಜಾತಿ. ಶೋಗೆಲ್ಲ ಬರೋದಿಲ್ಲ.”

“ನಾನೂ ಬರೋದಿಲ್ಲ, ಕೊಡಪ್ಪ,” ಎಂದೆ.

ಅದನ್ನೇ ಆರಿಸಿದ್ದು ಊರಿನ ನೆನಪಿಗೆ ಎಂದು ಸೊಸೆ ಅಂದುಕೊಂಡಿದ್ದಾಳೆ. ಹಾಗಲ್ಲ. ನಾನು ಮುಡಿಯುವ ಹಾಗಿಲ್ಲ, ಮುಡಿಸುತ್ತಿದ್ದವರು ಹೋಗಿ ಬಹಳ ಕಾಲವಾಯಿತು. ದೇವರಿಗೆ ಎರಡು ಹೂವು ಸಾಕು. ಉಳಿದದ್ದಕ್ಕೆ ಯಾರಾದರೂ ಬರಬೇಕು. ಕಡ್ಡಿಗೊಂದು ದೊಡ್ಡ ಹೂವು ಬಿಡುವ ಗಿಡದ ಮುಂದೆ ಜನ ದೂರ ನಿಂತು ನೋಡುತ್ತಾರೆ. ಗೊಂಚಲು ಗೊಂಚಲಾಗಿ, ವರ್ಷವೆಲ್ಲ ಬಿಡುವ ಗಿಡ ಇದ್ದರೆ ಯಾವಳೋ ಒಬ್ಬಳು ಕೈ ಚಾಚುತ್ತಾಳೆ. ನನಗೆ ಬೇಕಾಗಿದ್ದದ್ದು ಆ ಕೈ. ಅದಕ್ಕೇ ಎಡ್ವರ್ಡ್ ಎರಡು ತಂದು ಗೇಟಿನ ಎರಡೂ ಪಕ್ಕ ನೆಟ್ಟೆ.

ಬೇಸಿಗೆ ಕಳೆಯುವ ಹೊತ್ತಿಗೆ ಗಿಡದ ತುಂಬ ಹೂವು. ಬೆಳಿಗ್ಗೆ ಗೇಟು ತೆರೆದೇ ಇಡುತ್ತಿದ್ದೆ. ರಸ್ತೆಯಲ್ಲಿ ಹೋಗುವ ಹೆಂಗಸರು ನೋಡುತ್ತಿದ್ದರು, ಚೆನ್ನಾಗಿದೆ ಅನ್ನುತ್ತಿದ್ದರು, ಹೋಗುತ್ತಿದ್ದರು. ಒಂದು ದಿನ ಹಸು ನುಗ್ಗಿ ಕ್ರಿಮ್ಸನ್ ಗ್ಲೋರಿಯನ್ನು ಬುಡದವರೆಗೆ ಮೇಯ್ದು ಹೋಯಿತು. ತೆರೆದ ಗೇಟು ನೋಡಿ ಒಳಗೆ ಬಂದದ್ದು ಅದೊಂದೇ. ಎಡ್ವರ್ಡ್ ಹೂವು ದಿನವೂ ಗಿಡದಲ್ಲೇ ಉದುರುತ್ತಿತ್ತು, ನಾನು ದಿನವೂ ಗುಡಿಸಿ ಹಾಕುತ್ತಿದ್ದೆ.

ಶ್ರಾವಣದಲ್ಲಿ, ವರಮಹಾಲಕ್ಷ್ಮಿ ಹಬ್ಬದ ಬೆಳಿಗ್ಗೆ ಗೇಟಿನ ಚಿಲಕ ಸದ್ದಾಯಿತು. ಗೇಟು ತೆರೆದೇ ಇತ್ತು, ಆದರೂ ಸದ್ದು ಮಾಡಿ ಆಚೆಯೇ ನಿಂತಿದ್ದರು ಕಮಲಮ್ಮ. ಕೈಯಲ್ಲಿ ಬಾಳೆಯ ಎಲೆ.

“ಒಂದ್ನಾಲ್ಕು ಹೂ ಕೊಡ್ತೀರಾ? ಕಳಶಕ್ಕೆ ವಾಸನೆ ಇರೋದು ಬೇಕಿತ್ತು.”

“ಕೇಳೋದೇನು, ಬಂದು ಕಿತ್ಕೊಳ್ಳಿ.”

“ಕೇಳದೆ ಹೆಂಗೆ ಕೀಳೋದು?” ಎಂದರು.

ನನ್ನನ್ನು ಚುಚ್ಚಲು ಆಡಿದ ಮಾತಲ್ಲ ಅದು. ಅವರು ಬೆಳೆದ ರೀತಿ ಹಾಗೆ. ಎಲೆ ತುಂಬ ಕಿತ್ತುಕೊಟ್ಟೆ. ಸಂಜೆ ಅರಿಸಿನ ಕುಂಕುಮಕ್ಕೆ ಸೊಸೆಯನ್ನು ಕರೆದರು, ಅಜ್ಜಿಗೆ ಎಂದು ನನಗೆ ಬೇರೆಯಾಗಿ ಹೋಳಿಗೆ ಕಳಿಸಿದರು. ಕಾಂಪೌಂಡಿನ ಮಾತು ಮತ್ತೆ ಶುರುವಾಯಿತು. ಹೂವಿಗೆ ಬಂದಾಗಲೆಲ್ಲ ಅವರು ಗೇಟಿನ ಆಚೆ ನಿಂತು ಕೇಳುತ್ತಾರೆ. ಕಿತ್ಕೊಳ್ಳಿ ಎಂದು ನಾನು ಹೇಳಿದ ಮೇಲೆಯೇ ಒಳಗೆ ಕಾಲಿಡುತ್ತಾರೆ. ಒಮ್ಮೆಯೂ ಮರೆತಿಲ್ಲ. ನಾನೂ ಅವರಲ್ಲಿ ಕೊತ್ತಂಬರಿ ಬೇಕಿದ್ದರೂ ಕೇಳುತ್ತೇನೆ. ಕಲಿತದ್ದಾಯಿತು.

ಮೊನ್ನೆ ತಮ್ಮನ ಮಗನ ಮದುವೆಗೆ ಊರಿಗೆ ಬಂದಿದ್ದೆನಲ್ಲ. ಬೆಳಿಗ್ಗೆ ಸ್ನಾನ ಮಾಡಿ ನಾಗಮ್ಮನ ಹಿತ್ತಲಿಗೆ ಹೋದೆ. ನಾನು ಮದುವೆಯಾಗಿ ಆ ಬೀದಿಗೆ ಬಂದಾಗಿನಿಂದ ಅವಳು ನನ್ನ ಪಕ್ಕದ ಮನೆ. ಅವಳ ಎಡ್ವರ್ಡ್ ಗಿಡದಲ್ಲಿ ಹೂವು ಬಿಟ್ಟಿತ್ತು. ಕೈ ಚಾಚಿದೆ. ಆಮೇಲೆ ನನಗೇ ತಿಳಿಯದೆ ಕೈ ಹಿಂದಕ್ಕೆ ತೆಗೆದುಕೊಂಡು, ನಾಗಮ್ಮ, ಎರಡು ಹೂವು ಕೀಳಲಾ ಎಂದು ಕೂಗಿದೆ.

ನಾಗಮ್ಮ ಒಳಗಿನಿಂದ ಬಂದು ಬಾಗಿಲಲ್ಲಿ ನಿಂತಳು.

“ಏನಂದೆ?”

ಇನ್ನೊಮ್ಮೆ ಹೇಳಲಿಲ್ಲ. ಅವಳಿಗೆ ಕೇಳಿಸಿತ್ತು.

“ನಮ್ಮನ್ನ ಕೇಳೋ ಹಂಗಾದ್ಯೇನೇ?” ಎಂದಳು. ನಾನು ನಗುತ್ತೇನೆಂದು ಕಾದಳು. ನನಗೆ ನಗು ಬರಲಿಲ್ಲ, ಅವಳಿಗೂ ಬರಲಿಲ್ಲ. ಅಭ್ಯಾಸ ಕಣೆ ಎಂದೆ. ಅವಳು ತಾನೇ ಹೂವು ಕಿತ್ತಳು, ಒಳಗೆ ಹೋಗಿ ಒಂದು ಹಿತ್ತಾಳೆ ತಟ್ಟೆ ತಂದಳು, ಹೂವನ್ನು ಅದರಲ್ಲಿಟ್ಟು ಎರಡೂ ಕೈಯಿಂದ ನನ್ನ ಮುಂದೆ ಹಿಡಿದಳು. ಮನೆಗೆ ಬಂದ ನೆಂಟರಿಗೆ ಕೊಡುವುದು ಹಾಗೆ. ತೆಗೆದುಕೊಂಡೆ.