ಮಾಲೆಯ ಮೇಲೆ ಪೈಪು

ಬೆಳಗಿನ ಸಂಧ್ಯಾವಂದನೆ ಮುಗಿಸಿ ಕಾಫಿ ಮುಟ್ಟುವ ಮೊದಲು ಮಧ್ವರಾಜರು ಒಂದು ಕೆಲಸ ತಪ್ಪಿಸುವವರಲ್ಲ. ಡೈವಿಂಗ್ ರಬ್ಬರ್ ಪೈಪುಗಳನ್ನು ತೊಡೆಯ ಮೇಲೆ ಹಾಕಿಕೊಂಡು, ಬಿರುಕು ಬಿಟ್ಟಿದೆಯೇ ಎಂದು ತುದಿಯಿಂದ ತುದಿಗೆ ಹೆಬ್ಬೆರಳು ಓಡಿಸುತ್ತಾರೆ. ಪೆರಂಬೂರಿನ ರೈಲ್ವೆ ವರ್ಕ್‌ಶಾಪಿನಲ್ಲಿ ಇಪ್ಪತ್ತಾರು ವರ್ಷ ಬ್ರೇಕ್ ಪೈಪು ಜೋಡಿಸಿದ ಬೆರಳು ಅದು.

ಸ್ವಯಂ ನಿವೃತ್ತಿ ಪಡೆದ ಮೇಲೆ ಶ್ರೀನಿವಾಸ ಎಂಬವರ ಸಣ್ಣ ಸಂಸ್ಥೆ ಸೇರಿದರು. ಮುಳುಗಿದ ಹಡಗುಗಳನ್ನು ನೋಡಬಯಸುವ ಡೈವರ್‌ಗಳನ್ನು ಅದು ಸಮುದ್ರಕ್ಕೆ ಕರೆದೊಯ್ಯುತ್ತದೆ. ಮಧ್ವರಾಜರಿಗೆ ಈಜು ಬಾರದು. ದೋಣಿ ಹತ್ತಿದರೆ ವಾಂತಿ. ಆದರೂ ಯಾವ ಪೈಪು ಯಾವುದರ ಮೇಲೆ ಬರಬೇಕೆಂದು ನೋಡುವುದು ಅವರದೇ ಹೊಣೆ.

ಪಕ್ಕದ ಮನೆಯವಳಾದ ನನಗೆ ಅವರೇ ಬಿಡಿಸಿ ಹೇಳಿದ್ದರು. ಡೈವರ್ ಬಳಿ ಬೆನ್ನ ಮೇಲಿನ ಗಾಳಿ ಸಿಲಿಂಡರಿನಿಂದ ಉಸಿರಾಡಲು ಎರಡು ಪೈಪು. ಗಿಡ್ಡದು ಗದ್ದದ ಕೆಳಗೆ ತೂಗುತ್ತದೆ. ಏಳು ಅಡಿಯದು ಎದೆ ದಾಟಿ, ಕುತ್ತಿಗೆಯ ಹಿಂದಿನಿಂದ ಬಾಯಿಗೆ ಬರುತ್ತದೆ. ಆಳದಲ್ಲಿ ಜೊತೆಗಾರನ ಗಾಳಿ ಮುಗಿದರೆ ಬಾಯಲ್ಲಿರುವ ಆ ಉದ್ದದ್ದನ್ನೇ ತೆಗೆದು ಅವನಿಗೆ ಕೊಟ್ಟು, ತಾನು ಗಿಡ್ಡದನ್ನು ಬಾಯಿಗಿಟ್ಟುಕೊಳ್ಳಬೇಕು. ಆದ್ದರಿಂದ ಅದರ ಮೇಲೆ ಬೇರೇನೂ ಇರಕೂಡದು.

೨೦೦೩ರ ಫೆಬ್ರವರಿಯಲ್ಲಿ ಕೌಶಿಕ್, ದಿನೇಶ್ ಎಂಬ ಗೆಳೆಯರನ್ನು ಕರೆದುಕೊಂಡು ದೋಣಿ ಹೊರಟಿತು. ಮಧ್ವರಾಜರು ಇಬ್ಬರ ಪೈಪನ್ನೂ ಎಳೆದು ಪರೀಕ್ಷಿಸಿ, ದೋಣಿಯ ಅಂಚಿಗೆ ಹೋಗಿ ಬಗ್ಗಿದರು.

"ಮಾಮಾ, ಮೊದಲು ನಿಮ್ಮ ಪೈಪು ಸರಿ ಮಾಡ್ಕೊಳ್ಳಿ," ಎಂದು ದಿನೇಶ್ ನಕ್ಕ.

ಬಾಯಿ ಒರೆಸಿಕೊಂಡು ತಿರುಗಿದಾಗ ಕೌಶಿಕ್‌ನ ಕೊರಳಲ್ಲಿ, ಪೈಪಿನ ಮೇಲೆ, ಹೊಸದೇನೋ ಕಂಡಿತು. ಗಟ್ಟಿ ನೈಲಾನ್ ದಾರದ ತುಳಸಿಮಾಲೆ. ನೀರಿಗೆ ಇಳಿಯುವ ಗಳಿಗೆಯಲ್ಲಿ ಹಾಕಿಕೋ ಎಂದು ತಾಯಿ ಪ್ರೇಮಮ್ಮ ಕೊಟ್ಟು ಕಳಿಸಿದ್ದರು. ಅವನು ಹಾಗೆಯೇ ಮಾಡಿದ್ದ.

"ದಿನೇಶಾ, ಗಾಳಿ ಮುಗೀತು ಅಂತ ಕೇಳು. ಕೌಶಿಕ್, ಅವನಿಗೆ ಕೊಡಪ್ಪಾ."

"ಆಗಲೇ ಆಯ್ತಲ್ಲ ಮಾಮಾ! ದೋಣಿಯವನು ಬಯ್ತಿದಾನೆ," ಎಂದ ಕೌಶಿಕ್.

"ಬಯ್ಯಲಿ, ಪರವಾಯಿಲ್ಲೆ."

ಕೌಶಿಕ್ ಬೇಸರದಿಂದಲೇ ತಲೆ ಬಗ್ಗಿಸಿ ಪೈಪನ್ನು ಮುಂದೆ ಚಾಚಿದ. ಒಂದು ಗೇಣು ಬಂದು ನಿಂತಿತು. ಎಳೆದ. ಮಾಲೆ ಕತ್ತು ಬಿಗಿಯಿತೇ ಹೊರತು ಪೈಪು ಬರಲಿಲ್ಲ. ದಿನೇಶನ ನಗು ಅಲ್ಲಿಗೇ ನಿಂತಿತು. ನೀರಿನಲ್ಲಿ ಆಗಿದ್ದರೆ ಉಸಿರಿಲ್ಲದೆ ಕಾಯಬೇಕಾಗಿದ್ದವನು ಅವನೇ.

"ಹಾಕಿದ ಮೇಲೆ ತೆಗೀಬೇಡ ಅಂದಿದಾರೆ ಅಮ್ಮ," ಎಂದ ಕೌಶಿಕ್, ಸಣ್ಣ ದನಿಯಲ್ಲಿ.

"ಅದನ್ನ ಯಾರು ತೆಗಿ ಅಂದ್ರು? ದೇವರದು ಮೈಗೆ ತಾಗಿ ಇರಲಿ. ಪೈಪು ತೆಗೀತೀನಿ."

ಉದ್ದ ಪೈಪನ್ನು ಪೂರ್ತಿ ಬಿಡಿಸಿ, ಮಾಲೆಯನ್ನು ಅಂಗಿಯೊಳಗೆ ಇಳಿಸಿ, ಮೊದಲಿನಿಂದ ಸುತ್ತಿದರು. ಮೂರು ಸಲ ಕೊಡಿಸಿ ನೋಡಿದ ಮೇಲೆಯೇ ಇಳಿಯಲು ಬಿಟ್ಟರು.

ಮರುದಿನ ಪ್ರೇಮಮ್ಮ ಕೀಲ್ಪಾಕ್‌ನಿಂದ ಹಣ್ಣು ತೆಗೆದುಕೊಂಡು ಮಧ್ವರಾಜರ ಮನೆಗೆ ಬಂದರು. ನಾನೂ ಅಲ್ಲೇ ಇದ್ದೆ.

"ಕೊಟ್ಟವಳು ನಾನೇ," ಎಂದರು ಪ್ರೇಮಮ್ಮ.

"ಕೊಟ್ಟಿದ್ದು ತಪ್ಪಲ್ಲಮ್ಮ. ಮೊದಲು ಹಾಕ್ಕೋಬೇಕು, ಅಷ್ಟೇ."

"ಸಮುದ್ರದಲ್ಲಿ ನಿಮಗೆ ಎಷ್ಟು ಕಷ್ಟ ಅಂತ ಮಗ ಹೇಳ್ದ. ಶ್ರೀನಿವಾಸ ನಮ್ಮ ಯಜಮಾನರ ಸ್ನೇಹಿತರೇ. ಅವರಿಗೆ ಹೇಳಿಸ್ತೀನಿ. ಅವರ ಅಂಗಡೀಲೇ ಕೂತು ಎಲ್ಲ ಜೋಡಿಸಿ ದೋಣಿಗೆ ಕಳಿಸಿ, ಸಂಬಳ ಕಮ್ಮಿ ಆಗಲ್ಲ."

ಮಧ್ವರಾಜರು ಕೈಮುಗಿದರು. "ಬೇಡಮ್ಮ. ನಿನ್ನೆ ಅಂಗಡೀಲಿ ಎಲ್ಲ ಸರಿಯಾಗೇ ಇತ್ತು."