ಗುಳಿಗೆ ನುಂಗುವ ತನಕ

ಅವರ ಎಡಗೈ ಉಂಗುರ ಬೆರಳಿನ ತುದಿ ಜರಡಿಯಂತಾಗಿತ್ತು. ಒರಟಾದ ಚರ್ಮದ ತುಂಬ ಸೂಜಿ ಚುಚ್ಚಿದ ಸಣ್ಣ ಕಪ್ಪು ಚುಕ್ಕೆಗಳು. ಮಲೇರಿಯಾ ಪರೀಕ್ಷೆಗೆ ರಕ್ತ ತೆಗೆಯಲು ಕಲಿಯುವ ಪ್ರತಿಯೊಬ್ಬ ಹೊಸ ನರ್ಸೂ ಮೊದಲು ಚುಚ್ಚುತ್ತಿದ್ದದ್ದು ಆ ಬೆರಳಿಗೇ. "ನನಗ ಚುಚ್ಚಿ ಕೈ ನಡಗೂದು ನಿಲ್ಲಲಿ. ಆಮ್ಯಾಲ ಕೂಸಿಗೆ ಚುಚ್ಚೀರಂತ" ಎನ್ನುತ್ತಿದ್ದರು.

ತೊಂಬತ್ತರ ದಶಕದ ಕೊನೆಯ ಮಾತು. ನಾನು ಇಳಕಲ್ಲಿನ ನೇಕಾರರ ಮನೆಯ ಹುಡುಗಿ. ಆರೋಗ್ಯ ಸಹಾಯಕಿಯ ಕೆಲಸ ಸಿಕ್ಕು ಕೂಡಲಸಂಗಮದ ದಾರಿಯ ಒಂದು ಹಳ್ಳಿಗೆ ಬಂದಿದ್ದೆ. ಆ ಭಾಗದಲ್ಲಿ ಚಳಿಜ್ವರ ಹೆಚ್ಚು. ನಮ್ಮಂಥ ಹೊಸಬರಿಗೆ ಹುನಗುಂದದಲ್ಲಿ ಮೂರು ದಿನ ತರಬೇತಿ. ಕಲಿಸಲು ಬಾಗಲಕೋಟೆಯಿಂದ ಬರುತ್ತಿದ್ದ ಈ ಹಿರಿಯ ನರ್ಸನ್ನು ಎಲ್ಲರೂ ಬಾಯಾರು ಎಂದೇ ಕರೆಯುತ್ತಿದ್ದರು.

ಮೊದಲ ದಿನವೇ ಮಲೇರಿಯಾ ಗುಳಿಗೆಯನ್ನು ಪುಡಿ ಮಾಡಿ ಒಬ್ಬೊಬ್ಬರ ನಾಲಿಗೆಗೂ ಚಿಟಿಕೆ ಹಚ್ಚಿದರು. ನೀರು ಮಾತ್ರ ಕೊಡಲಿಲ್ಲ. ನಮ್ಮ ಮುಖಗಳನ್ನು ನೋಡಿ, "ನಿಮಗ ತಡಿಯಾಕ ಆಗವಲ್ದು. ಎರಡ ವರ್ಷದ ಕೂಸು ಹೆಂಗ ನುಂಗೀತು?" ಎಂದರು. ಬೆಲ್ಲದ ನೀರಿನಲ್ಲಿ ಕಲಸುವುದು, ತಾಯಿಯ ತೊಡೆಯ ಮೇಲೆ ಕೂರಿಸಿ ಚಮಚದಲ್ಲಿ ಸ್ವಲ್ಪಸ್ವಲ್ಪವೇ ಕುಡಿಸುವುದು, ಎಲ್ಲ ತೋರಿಸಿದರು. "ಕೊಟ್ಟ ಮ್ಯಾಲ ಅರ್ಧಾ ತಾಸು ಅಲ್ಲೇ ಕುಂದರ್ರಿ. ಕಾರಿಕೊಂಡ್ರ ಮತ್ತ ಕೊಡ್ರಿ."

ಎರಡು ತಿಂಗಳ ನಂತರ, ಹೇಳದೆ ಕೇಳದೆ ನನ್ನ ಹಳ್ಳಿಗೆ ಬಂದರು. ರಿಜಿಸ್ಟರ್ ತೆರೆದು ಮೂರು ವರ್ಷದ ಹೆಣ್ಣುಮಗುವೊಂದರ ಹೆಸರಿನ ಮೇಲೆ ಬೆರಳಿಟ್ಟರು.

"ಮೂರೂ ದಿನ ಗುಳಿಗಿ ಕೊಟ್ಟೀಯೇನ?"

"ಕೊಟ್ಟೇನ್ರಿ ಬಾಯಾರ."

"ನುಂಗಿದ್ದ ನೋಡೀದಿ?"

"ನೋಡೇನ್ರಿ" ಎಂದೆ. ಸುಳ್ಳು. ಕುರಿ ಸಾಕುವವರ ಆ ಮನೆ ಊರಾಚೆ ಇತ್ತು. ಮೊದಲ ದಿನವೇ ಮೂರೂ ದಿನದ ಗುಳಿಗೆ ಅಜ್ಜಿಯ ಕೈಗಿಟ್ಟು ಬಂದಿದ್ದೆ.

"ನಡಿ, ಕೂಸಿನ್ನ ಮಾತಾಡಿಸಿಕೊಂಡ ಬರೂಣು" ಎಂದು ಎದ್ದರು.

ಗುಳಿಗೆ ಗೋಡೆಯ ಗೂಡಿನಲ್ಲಿ ಹಾಗೇ ಇದ್ದವು. "ಬಾಯಾಗ ಇಟ್ಟರ ಉಗಳತೈತ್ರಿ. ಹಟ ಮಾಡಿದ್ದಕ್ಕ ಬಿಟ್ಟೇನಿ" ಎಂದಳು ಅಜ್ಜಿ. ಕಂಬಳಿಯ ಮೇಲೆ ಮಲಗಿದ್ದ ಮಗು ಕರೆದರೂ ಕಣ್ಣು ತೆರೆಯಲಿಲ್ಲ. ಬಾಯಾರು ತುಟಿಗೆ ಬಿಟ್ಟ ಚಮಚ ನೀರು ಕಟಬಾಯಿಯಿಂದ ಹೊರಗೆ ಹರಿಯಿತು. ಕೂಡಲೇ ಹುನಗುಂದದ ದವಾಖಾನೆಗೆ ಒಯ್ಯಬೇಕು ಎಂದರು.

ಮಗುವಿನ ಅಜ್ಜ ಬಾಗಿಲಿಗೆ ಅಡ್ಡ ನಿಂತ. "ಮೊದಲ ಬೀರಪ್ಪನ ಗುಡಿಗೆ ಒಯ್ತೇವ್ರಿ. ಆಮ್ಯಾಲ ನಿಮ್ಮ ದವಾಖಾನಿ."

ಬಾಯಾರು ವಾದಕ್ಕಿಳಿಯುತ್ತಾರೆ ಎಂದುಕೊಂಡೆ. ಅವರು ಸೆರಗನ್ನು ತಲೆಯ ಮೇಲೆ ಹೊದ್ದು, "ಮನ್ಯಾಗ ಭಂಡಾರ ಐತಲ್ರಿ ಅಜ್ಜಾರ? ತಂದ ನಿಮ್ಮ ಕೈಲೇ ಹಚ್ಚರಿ. ನನಗೂ ಹಚ್ಚರಿ. ಬೀರಪ್ಪ ನಮ್ಮ ಸಂಗಾಟ ಹುನಗುಂದಕ್ಕ ಬರ್ತಾನ" ಎಂದರು. ಮುದುಕ ಒಳಗಿನಿಂದ ಭಂಡಾರದ ಚೀಲ ತಂದ. ಆಮೇಲೆ ಮೊಮ್ಮಗಳ ಹಣೆಗೆ, ಬಾಗಿ ನಿಂತ ಬಾಯಾರ ಹಣೆಗೆ ಆ ಅರಿಶಿನದ ಪುಡಿ ಹಚ್ಚಿ ದಾರಿ ಬಿಟ್ಟ.

ಮಗುವನ್ನು ಹೆಗಲಿಗೆ ಹಾಕಿಕೊಂಡು ರಸ್ತೆಯ ನಟ್ಟನಡುವೆ ನಿಂತು ಬಸ್ಸು ತಡೆದರು. "ಅಣ್ಣಾರ, ಈ ಕೂಸಿಗೆ ಟೈಮ್ ಇಲ್ಲ. ಎಲ್ಲೂ ನಿಲ್ಲಸಬ್ಯಾಡ್ರಿ." ಡ್ರೈವರ್ ತಿರುಗಿ, "ನಡುವ ಇಳಿಯವ್ರು ಯಾರರ ಅದೀರೇನ್ರಿ?" ಎಂದು ಕೇಳಿದ. ಮಧ್ಯದ ಊರುಗಳವರು ಎಷ್ಟೋ ಜನ ಇದ್ದಿರಬೇಕು. ಒಬ್ಬರೂ ತುಟಿ ಬಿಚ್ಚಲಿಲ್ಲ. ಬಸ್ಸು ನಿಂತದ್ದು ದವಾಖಾನೆಯ ಗೇಟಿನ ಮುಂದೆ.

ಎರಡು ದಿನ ಮಗು ಸಾವು ಬದುಕಿನ ನಡುವೆ ಇತ್ತು. ಮೂರನೆಯ ದಿನ ಕಣ್ಣು ತೆರೆದು ಮಜ್ಜಿಗೆ ಬೇಡಿತು. ಹೊರಗಿನ ಕಟ್ಟೆಯ ಮೇಲೆ ಕುಳಿತು ನಾನು ಬಿಕ್ಕಿ ಬಿಕ್ಕಿ ಅತ್ತೆ. "ಸುಳ್ಳ ಹೇಳಿದ್ದೆ ಬಾಯಾರ."

"ಗೊತ್ತೈತಿ" ಎಂದರು. ನನ್ನ ಪಕ್ಕ ಕುಳಿತು ಹೇಳಿದರು: "ಬಾದಾಮಿ ಕಡೆ ಒಂದ ಊರಾಗ ನಾನೂ ಹಿಂಗ ಗುಳಿಗಿ ಇಟ್ಟ ಬಂದಿದ್ದೆ. ನಿನ್ನಷ್ಟ ವಯಸ್ಸು. ಆ ಕೂಸು ಉಳೀಲಿಲ್ಲ. ತಾಯಿಗೆ ಖರೆ ಹೇಳೇನಿ. ಈಗೂ ವರ್ಷಕ್ಕೊಮ್ಮಿ ಹೋಗ್ತೇನಿ. ಆಕಿ ಚಾ ಮಾಡಿ ಕೊಡ್ತಾಳ. ಅದನ್ನ ಕುಡದ ಬರೂದು ಭಾಳ ಕಷ್ಟ ಆಗತೈತಿ, ತಂಗಿ."

ನಾನು ಅಳು ಮರೆತು ಅವರನ್ನೇ ನೋಡಿದೆ. ಇಷ್ಟು ಭಾರ ಹೊತ್ತ ಹೆಂಗಸು ಇಷ್ಟು ನೆಟ್ಟಗೆ ಹೇಗೆ ನಡೆಯುತ್ತಾರೆ ಎನಿಸಿತು. ನನ್ನ ಮೇಲೆ ವರದಿ ಬರೆಯುವುದನ್ನು ಅವರು ಬಿಡಲಿಲ್ಲ. ಬರೆದು ನನಗೇ ಓದಿಸಿ, ನನ್ನ ಸಹಿ ಹಾಕಿಸಿಕೊಂಡರು. ಮುಂದಿನ ತರಬೇತಿಗೆ ನನ್ನನ್ನೇ ಕರೆಸಿದರು. "ನಾ ಹೇಳಿದ್ರ ಪಾಠ ಆಗತೈತಿ. ನೀ ಹೇಳು" ಎಂದರು. ಹೊಸ ಹುಡುಗಿಯರ ಮುಂದೆ ನಾನು ಹೇಳಿದ್ದ ಸುಳ್ಳನ್ನು ಒಪ್ಪಿಕೊಂಡೆ. ಅಂದಿನಿಂದ ನಾನೂ ಕಲಿಸುವವಳಾದೆ.

ನಿವೃತ್ತರಾಗಿ ಬಹಳ ವರ್ಷ ಅವರು ಬದುಕಲಿಲ್ಲ. ಸುದ್ದಿ ತಿಳಿದು ಬೆಳಗಿನ ಬಸ್ಸಿಗೆ ಬಾಗಲಕೋಟೆಗೆ ಹೋದೆ. ಅಂಗಳದ ತುಂಬ ನರ್ಸುಗಳು. ನಿದ್ದೆಯಲ್ಲಿದ್ದಂತೆ ಶಾಂತವಾಗಿದ್ದ ಆ ಮುಖವನ್ನು ನೋಡಿ, ಪಾದ ಮುಟ್ಟಿ ಹೊರಬಂದೆ. ಮಣ್ಣು ಕೊಡುವ ತನಕ ನಿಲ್ಲಲಿಲ್ಲ. ನನ್ನ ಹಳ್ಳಿಯಲ್ಲಿ ಒಂದು ಮಗುವಿಗೆ ಎರಡನೆಯ ದಿನದ ಗುಳಿಗೆ ಕುಡಿಸುವುದಿತ್ತು. ಮಧ್ಯಾಹ್ನದ ಬಸ್ಸು ತಪ್ಪಿದರೆ ಸಂಜೆಯವರೆಗೆ ಬೇರೆ ಇರಲಿಲ್ಲ.