ಅಮ್ಮನ ತೀರ್ಥ, ಡಾಕ್ಟರ ಗುಳಿಗೆ

ಹಸುಗೂಸಿಗೆ ಮೀಯಿಸುವುದರಲ್ಲಿ ನನ್ನ ಅಮ್ಮನನ್ನು ಮೀರಿಸುವವರು ಪುತ್ತೂರಿನ ನಮ್ಮ ದರ್ಬೆಯಲ್ಲೇ ಇರಲಿಲ್ಲ. ಇದು ನಾನು ಹೇಳುವ ಮಾತಲ್ಲ, ಅಮ್ಮನೇ ಹೇಳುತ್ತಿದ್ದದ್ದು. ಅಕ್ಕಪಕ್ಕದಲ್ಲಿ ಯಾರಿಗೆ ಹೆರಿಗೆಯಾದರೂ ಸೆರಗು ಸೊಂಟಕ್ಕೆ ಸಿಕ್ಕಿಸಿ ಹೊರಟುಬಿಡುತ್ತಿದ್ದಳು. ಬಚ್ಚಲಲ್ಲಿ ಕಾಲು ಚಾಚಿ ಕುಳಿತು, ಮಗುವನ್ನು ಕಾಲ ಮೇಲೆ ಮಲಗಿಸಿ, ಎಣ್ಣೆ ತಿಕ್ಕಿ, ಮೂಗು ನೀವಿ ನೇರ ಮಾಡಿ, ಅದು ಕಿರುಚಿ ಕಿರುಚಿ ನಿದ್ದೆಹೋಗುವ ಹಾಗೆ ನೀರು ಹೊಯ್ಯುತ್ತಿದ್ದಳು. ಪುತ್ತೂರು ಪೇಟೆಯಲ್ಲಿ ನೇರ ಮೂಗಿನವರು ಯಾರೇ ಎದುರು ಬರಲಿ, ತನ್ನದೇ ಕೈಕೆಲಸ ಎಂಬಂತೆ ನೋಡುತ್ತಿದ್ದಳು.

ಅರವತ್ತರ ದಶಕದ ಆರಂಭದಲ್ಲಿ ನಾನು ಚೊಚ್ಚಲ ಹೆರಿಗೆಗೆಂದು ತವರಿಗೆ ಬಂದಾಗ ಆ ಕೈಗಳು ಮೊದಲಿನ ಹಾಗಿರಲಿಲ್ಲ. ಬೆರಳಿನ ಗೆಣ್ಣುಗಳೆಲ್ಲ ಬಾತು ಕೆಂಪಾಗಿದ್ದವು. ಬೆಳಿಗ್ಗೆ ಎದ್ದರೆ ಮುಷ್ಟಿ ಕಟ್ಟಲು ಬರುತ್ತಿರಲಿಲ್ಲ, ಮೊಣಕಾಲೂ ಬಾತು ನೆಲಕ್ಕೆ ಕುಳಿತರೆ ಏಳಲು ಅಪ್ಪ ಬೇಕಿತ್ತು. ಅಪ್ಪ ಮೆಲ್ಲಗೆ, ಬಾಣಂತಿ ಕೆಲಸಕ್ಕೆ ಯಾರಾದರೂ ಹೆಂಗಸನ್ನು ಗೊತ್ತುಮಾಡುವ ಎಂದರು. ಅಮ್ಮ ಉರಿದುಬಿದ್ದಳು.

"ಊರಿನ ಮಕ್ಕಳಿಗೆಲ್ಲ ಮೀಯಿಸಿದವಳು ನಾನು. ನನ್ನ ಸ್ವಂತ ಪುಳ್ಳಿಗೆ, ಮಗಳ ಮಗುವಿಗೆ, ಬೇರೆಯವಳು ನೀರು ಹೊಯ್ಯುದಾ? ನಾನು ಸತ್ತಿದ್ದೇನಾ?"

ಸರಿ, ಮೂವರೂ ಡಾಕ್ಟರ ಹತ್ತಿರ ಹೋದೆವು. ಅವರು ಅಮ್ಮನ ಕೀಲುಗಳನ್ನು ಒಂದೊಂದಾಗಿ ಒತ್ತಿ ನೋಡಿದರು. ಇದು ಪ್ರಾಯದ ನೋವಲ್ಲ, ಕೀಲಿಗೆ ಬಾವು ಬರಿಸುವ ವಾತ, ಬಿಟ್ಟರೆ ಕೈ ಸೊಟ್ಟಗಾಗುತ್ತದೆ ಎಂದರು. ಬಿಳಿ ಗುಳಿಗೆ ಕೊಟ್ಟರು. ಒಂದು ಹೊತ್ತೂ ತಪ್ಪಿಸಬಾರದು, ಖಾಲಿ ಹೊಟ್ಟೆಯಲ್ಲಿ ಮಾತ್ರ ನುಂಗಲೇಬಾರದು, ಗುಳಿಗೆಯ ದೆಸೆಯಿಂದ ಕಿವಿಯಲ್ಲಿ ಗುಂಯ್ ಎಂದರೆ ಬಂದು ಹೇಳಬೇಕು ಎಂದರು.

ಅಮ್ಮ ಅಳುಕುತ್ತಾ ಕೇಳಿದಳು. "ಡಾಕ್ಟ್ರೇ, ಬೆಂದ್ರ್ ತೀರ್ಥದಲ್ಲಿ ಮಿಂದರೆ ವಾತ ಹೋಗ್ತದೆ ಅಂತಾರೆ."

ಭೂಮಿಯಿಂದಲೇ ಬಿಸಿನೀರು ಉಕ್ಕುವ ಜಾಗ ಅದು, ಇರ್ದೆಯ ಹೊಳೆ ಬದಿಯಲ್ಲಿ ಉಂಟು. ಡಾಕ್ಟರು ಚೆನ್ನಾಗಿ ಬೈಯುತ್ತಾರೆಂದು ಅಪ್ಪ ಆಸೆಯಿಂದ ಕಾದು ಕುಳಿತರು.

"ಹೋಗಿ ಮಾರಾಯ್ರೆ," ಎಂದರು ಡಾಕ್ಟರು. "ಬಿಸಿನೀರಿಗೆ ಕೀಲು ಸಡಿಲ ಆಗ್ತದೆ, ಒಳ್ಳೆಯದೇ. ಆದರೆ ಗುಳಿಗೆ ಬಿಟ್ಟು ತೀರ್ಥ ಅಲ್ಲ. ಗುಳಿಗೆಯ ಜೊತೆಗೆ ತೀರ್ಥ."

ಅಪ್ಪನ ಮುಖ ಇಷ್ಟು ಸಣ್ಣದಾಯಿತು. ದಿನ ಬಿಟ್ಟು ದಿನ ಬಸ್ಸಿನಲ್ಲಿ ಅಮ್ಮನನ್ನು ಕರೆದುಕೊಂಡು ಹೋಗುವ ಕರ್ಮ ಅವರದ್ದೇ ಅಲ್ಲವೇ? ಒಂದೆರಡು ಸಲ ನಾನೂ ಹೋದೆ. ಬಸ್ಸಿಳಿದು ಗದ್ದೆಯ ಬದುವಿನಲ್ಲಿ ನಡೆಯಬೇಕಿತ್ತು. ಮುಂದೆ ಕುಂಟುವ ಅಮ್ಮ, ಹಿಂದೆ ಹೊಟ್ಟೆ ಹೊತ್ತ ನಾನು, ನಡುವೆ ಎರಡೂ ಕಡೆ ಕೈ ಚಾಚಿದ ಅಪ್ಪ. ಕಲ್ಲು ಕಟ್ಟಿದ ಸಣ್ಣ ಕೆರೆಯಲ್ಲಿ ನೀರು ಹದವಾಗಿ ಬಿಸಿಯಿತ್ತು, ಸುಟ್ಟ ಪಟಾಕಿಯ ವಾಸನೆ ಬರುತ್ತಿತ್ತು. ಅಪ್ಪ ಕೊಡೆ ಬಿಡಿಸಿ, ಮೂಗಿಗೆ ಶಾಲು ಹಿಡಿದು, ಬೆನ್ನು ಹಾಕಿ ಕೂರುತ್ತಿದ್ದರು. ಅಮ್ಮ ಕುತ್ತಿಗೆವರೆಗೆ ಮುಳುಗಿ ನೀರೊಳಗೆ ಬೆರಳು ಮಡಚಿ ಬಿಡಿಸಿ ಮಾಡುತ್ತಾ, "ಹಾ, ಜೀವ ಬಂತು!" ಎನ್ನುತ್ತಿದ್ದಳು. ಬರುವಾಗ ತನ್ನ ಚೀಲ ತಾನೇ ಹಿಡಿಯುತ್ತಿದ್ದಳು. ನಿಜಕ್ಕೂ ಹಿತವಾಗುತ್ತಿತ್ತು.

ಆದರೆ ಮರುದಿನ ಬೆಳಿಗ್ಗೆ ಪುನಃ ಬಾವು. ನನಗೆ ದಿನ ಹತ್ತಿರ ಬರುತ್ತಿತ್ತು, ಅಮ್ಮನ ಕೈ ಮಾತ್ರ ಇದ್ದಲ್ಲೇ ಇತ್ತು. ಗುಳಿಗೆಯೇ ಸರಿ ಇಲ್ಲ ಎಂದು ಅಮ್ಮ, ತೀರ್ಥವೇ ಆಗಿಬರುವುದಿಲ್ಲ ಎಂದು ಅಪ್ಪ. ಇಬ್ಬರ ಜಗಳ ಕೇಳಿ ಕೇಳಿ ನನಗೆ ತಲೆಚಿಟ್ಟು ಹಿಡಿದು, ಇಬ್ಬರನ್ನೂ ಎಳೆದುಕೊಂಡು ಡಾಕ್ಟರ ಹತ್ತಿರ ಹೋದೆ.

"ಕಿವಿ ಗುಂಯ್ ಅಂತದಾ?" ಡಾಕ್ಟರು ಕೇಳಿದರು.

"ಅಂತದೆ. ಆದರೆ ತೀರ್ಥಕ್ಕೆ ಹೋದ ದಿನ ಸಂಜೆಯಾಗುವಾಗ ನಿಂತೇ ಹೋಗ್ತದೆ! ಅದಲ್ವಾ ಮಹಿಮೆ?" ಅಮ್ಮ ಅಪ್ಪನ ಕಡೆ ಗೆದ್ದವಳ ಹಾಗೆ ನೋಡಿದಳು.

ಡಾಕ್ಟರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. "ಆ ದಿನ ಗುಳಿಗೆ ತಿನ್ನುದುಂಟಾ?"

"ಹೇಗೆ ತಿನ್ನುದು? ತೀರ್ಥಸ್ನಾನದ ದಿನ ಉಪವಾಸ ಅಲ್ವಾ? ಖಾಲಿ ಹೊಟ್ಟೆಗೆ ಕೂಡದು ಅಂತ ನೀವೇ ಹೇಳಿದ್ದು."

"ಇಡೀ ದಿನ ಹೊಟ್ಟೆಗೆ ಎಂತದೂ ಇಲ್ವಾ?"

"ಎಂತದೂ ಇಲ್ಲ."

ನನಗೆ ತಡೆಯಲಾಗಲಿಲ್ಲ. "ಎಂತದೂ ಇಲ್ವಾ? ಬೆಳಿಗ್ಗೆ ಬೆಲ್ಲ ಕಾಯಿ ಹಾಕಿದ ಅವಲಕ್ಕಿ ಬಟ್ಟಲು ತುಂಬ! ಹೊಳೆ ಬದಿಯಲ್ಲಿ ಸಜ್ಜಿಗೆ, ಮೇಲೆ ಬಾಳೆಹಣ್ಣು! ಮನೆಗೆ ಬಂದು ದೋಸೆ! ಬಸುರಿ ನಾನು, ನಾನೇ ಅಷ್ಟು ತಿನ್ನುದಿಲ್ಲ!"

"ಅದೆಲ್ಲ ಫಲಾಹಾರ ಮಾರಾಯ್ತಿ," ಎಂದಳು ಅಮ್ಮ, ನನಗೆ ಬುದ್ಧಿಯೇ ಇಲ್ಲವೆಂಬಂತೆ. "ಅನ್ನದ ಒಂದು ಅಗುಳು ಮುಟ್ಟಿದ್ದೇನಾ ಕೇಳು."

ಡಾಕ್ಟರೂ ಈ ಕಡೆಯವರೇ, ಅವರ ಮನೆಯಲ್ಲೂ ಇಂಥ ಉಪವಾಸಗಳು ಇದ್ದಿರಬೇಕು. ನಗು ತಡೆದು ತಡೆದು ಅವರ ಮುಖ ಕೆಂಪಾಯಿತು. "ಅಮ್ಮಾ, ನಿಮ್ಮ ದೇವರಿಗೆ ಅದು ಉಪವಾಸವೇ ಇರಲಿ. ನನ್ನ ಗುಳಿಗೆಗೆ ಅದು ಮದುವೆ ಊಟ. ತಿಂದ ಕೂಡಲೇ ನುಂಗಿ."

ಅಲ್ಲಿಂದ ಮೇಲೆ ಅವಲಕ್ಕಿ ಬಟ್ಟಲಿನ ಪಕ್ಕದಲ್ಲಿ ಗುಳಿಗೆ ಇಟ್ಟು, ಅದು ಗಂಟಲಲ್ಲಿ ಇಳಿಯುವವರೆಗೆ ನಾನು ಎದುರು ನಿಲ್ಲುತ್ತಿದ್ದೆ. ಸ್ವಲ್ಪ ಸ್ವಲ್ಪವಾಗಿ ಮೊಣಕಾಲಿನ, ಬೆರಳಿನ ಬಾವು ಇಳಿಯಿತು. ಒಂದು ದಿನ ಅಮ್ಮ ಯಾರ ಕೈಯನ್ನೂ ಹಿಡಿಯದೆ ನೆಲದಿಂದ ಎದ್ದಳು. ಅಪ್ಪ ಕಣ್ಣೊರೆಸಿಕೊಂಡು, ಕಣ್ಣಿಗೆ ಹೊಗೆ ಹೋಯಿತೆಂದು ಒಲೆಯನ್ನು ಬೈದರು. ಬಲಗೈಯ ಎರಡು ಬೆರಳು ಮಾತ್ರ ನೇರವಾಗಲೇ ಇಲ್ಲ. ಅದು ಇನ್ನು ಹಾಗೆಯೇ ಎಂದು ಡಾಕ್ಟರು ಮುಚ್ಚುಮರೆಯಿಲ್ಲದೆ ಹೇಳಿದ್ದರು.

ಹೆಣ್ಣುಮಗು ಹುಟ್ಟಿತು. ಮೊದಲ ಎಣ್ಣೆಸ್ನಾನದ ಬೆಳಿಗ್ಗೆ ಅಮ್ಮ ಬಚ್ಚಲಲ್ಲಿ ಕಾಲು ಚಾಚಿ ಕುಳಿತು ಎರಡೂ ಕೈ ನೀಡಿದಳು. ಆ ಸೊಟ್ಟ ಬೆರಳುಗಳನ್ನೇ ನಾನು ನೋಡುತ್ತಿದ್ದೆ. ಎಣ್ಣೆ ಹಚ್ಚಿದ ಮಗು ಎಂದರೆ ಜಾರುತ್ತದೆ. ಕೊಡಲು ಹೆದರಿಕೆ, ಕೊಡದಿರಲು ಸಂಕಟ. ಕೊಟ್ಟೆ. ಕೊಟ್ಟವಳು ಈಚೆ ಬರದೆ ಬಗ್ಗಿ, ಮಗುವಿನ ಎರಡು ಬದಿಯಲ್ಲೂ ಕೈ ಒಡ್ಡಿ ನಿಂತೆ.

ಅಮ್ಮ ತಲೆಯೆತ್ತಿದಳು. "ಎಂತ? ನನ್ನ ಮೇಲೆ ನಂಬಿಕೆ ಇಲ್ವಾ?"

"ಇಲ್ಲ," ಎಂದೆ.

"ನನಗೂ ಇಲ್ಲ," ಎಂದಳು ಅಮ್ಮ. "ಅಲ್ಲೇ ನಿಲ್ಲು." ಮತ್ತೆ ಎಡಗೈಯಲ್ಲಿ ಚೆಂಬು ಎತ್ತಿ ಮಗುವಿನ ಹೊಟ್ಟೆಗೆ ಮೊದಲ ನೀರು ಹೊಯ್ದಳು.